ಹಗೆಯವನ ಹೆಸರು



ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲೆಲ್ಲ ಹಳೆಯದು ಹೆಬ್ಬಾಳದ್ದು. ಸುಮಾರು ಕ್ರಿ.ಶ. 750ರ ವೀರಗಲ್ಲು ಅದು. 2018ರಲ್ಲಿ ಮತ್ತೆ ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ ಪೆರ್ಬೊಳಲ್ ನಾಡು ಮೂವತ್ತರ ಮೇಲೆ ರಟ್ಟರ ಪಡೆ ಏರಿ ಬಂದಾಗ ಕಿತ್ತಯ ಎಂಬವನು ಕಾದಿ ಸತ್ತ ಎಂಬುದು ಅದರ ಸಾರ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಸಾವಿರದ ಇನ್ನೂರೈವತ್ತು ವರ್ಷ ದಾಟಿದ ಮೇಲೂ ಸತ್ತವನ ಹೆಸರು ಉಳಿದಿದೆ, ದೊರೆಯ ಹೆಸರು ಉಳಿದಿದೆ, ಊರಿನ ಹೆಸರೂ ಉಳಿದಿದೆ. ಅವನನ್ನು ಕೊಂದವನಿಗೆ ಮಾತ್ರ ಹೆಸರಿಲ್ಲ. ಅವನು ರಟ್ಟರ ಕಡೆಯವನು, ಅಷ್ಟೆ. ಇದು ಆ ಕಲ್ಲು ಕೆತ್ತಿದವನ ತಪ್ಪಲ್ಲ. ಲೋಕದಲ್ಲಿ ಎಲ್ಲ ಕಡೆ ಹಗೆಯವನನ್ನು ನೆನಪಿಡುವ ರೀತಿಯೇ ಹೀಗೆ. ನಮ್ಮವನಿಗೆ ಹೆಸರು, ತಾಯಿ, ಊರು, ಬಾಲ್ಯ ಎಲ್ಲವೂ ಇರುತ್ತವೆ. ಆಚೆಯವನಿಗೆ ಇರುವುದು ಕುಲದ ಹೆಸರು, ಪಕ್ಷದ ಹೆಸರು, ಧರ್ಮದ ಹೆಸರು. ವೈರಿಯನ್ನು ಪ್ರೀತಿಸಬೇಕು ಎಂಬ ಕ್ರಿಸ್ತನ ಮಾತನ್ನು ಈ ಕಲ್ಲಿನ ಎದುರು ನಿಂತು ಓದಿದರೆ ಏನು ಅರ್ಥ ಬರುತ್ತದೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ನಮ್ಮ ನುಡಿಯಲ್ಲೇ ಒಂದು ಸಂಗತಿ ಇದೆ. ಹಳಗನ್ನಡದ ‘ಪಗೆ’, ಇಂದಿನ ‘ಹಗೆ’, ಎರಡು ಅರ್ಥಕ್ಕೂ ಒಂದೇ ಶಬ್ದ: ವೈರವೂ ಹಗೆ, ವೈರಿಯೂ ಹಗೆ. ಮಾಡಿದವನೂ ಮಾಡಿದ ಕೆಡುಕೂ ಅದರಿಂದ ನಮ್ಮೊಳಗೆ ಹುಟ್ಟಿದ ಉರಿಯೂ ಒಂದೇ ಶಬ್ದದೊಳಗೆ ಗಂಟು ಬಿದ್ದಿವೆ. ಆ ಗಂಟನ್ನು ಬಿಚ್ಚುವುದೇ ಕ್ರೈಸ್ತ ಬಾಳಿನಲ್ಲಿ ಶತ್ರುಪ್ರೇಮ ಎಂದು ನಾನು ತಿಳಿದಿದ್ದೇನೆ. ಕೆಡುಕನ್ನು ಕೆಡುಕೆಂದೇ ಕರೆಯಬೇಕು, ಅದನ್ನು ಮಾಡಿದವನ ಹೆಸರಿಗೇ ಬರೆಯಬೇಕು, ಬೇರೆ ಯಾರ ಹೆಸರಿಗೂ ಬರೆಯಬಾರದು. ಅಷ್ಟಾದ ಮೇಲೂ ಆ ಹೆಸರಿನ ಮನುಷ್ಯನಿಗೆ ಒಳಿತು ಮಾಡುವ ಹೊಣೆಯಿಂದ ಜಾರಿಕೊಳ್ಳಬಾರದು. ಇದು ಬಾಯಿಮಾತಿನ ಮೃದುತನಕ್ಕಿಂತ ಬಹಳ ಕಷ್ಟದ ಕೆಲಸ.

ಮೊದಲು ಆ ಮಾತು ಹುಟ್ಟಿದ ಸಂದರ್ಭ ನೋಡೋಣ. ಪರ್ವತ ಪ್ರಸಂಗವನ್ನು ಕೇಳಿದ ಗಲಿಲಾಯದ ಬೇಸಾಯಗಾರರಿಗೂ ಬೆಸ್ತರಿಗೂ ಶತ್ರು ಎಂಬುದು ಕಲ್ಪನೆಯ ಮಾತಾಗಿರಲಿಲ್ಲ. ರೋಮಿನ ಸೈನಿಕ ದಾರಿಹೋಕನನ್ನು ತಡೆದು ತನ್ನ ಮೂಟೆಯನ್ನು ಅವನ ಬೆನ್ನಿಗೇರಿಸಬಹುದಿತ್ತು. ಬಿಟ್ಟಿ ಹೊರುವ ಒಂದು ಮೈಲಿ, ಎಂದರೆ ಸುಮಾರು ಒಂದೂವರೆ ಕಿಲೋಮೀಟರು, ಅವರಿಗೆ ಕಾಲಿನ ನೋವಾಗಿ ಗೊತ್ತಿತ್ತು. ಯೇಸು ಎರಡನೆಯ ಮೈಲಿಯ ಮಾತೆತ್ತಿದ್ದು ಅಂಥವರ ನಡುವೆ. ಆದ್ದರಿಂದ ಇದು ಪಕ್ಕದ ಮನೆಯವರ ಸಣ್ಣಪುಟ್ಟ ಮುನಿಸಿಗೆ ಮಾತ್ರ ಹೇಳಿದ್ದು, ಸಮಾಜದ ಮಟ್ಟದ ವೈರಕ್ಕೆ ಹೊಂದುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಸುವಾರ್ತೆಯ ಗ್ರೀಕ್ ಮೂಲದಲ್ಲಿ ಬಳಸಿದ ‘ಎಖ್ಥ್ರೊಸ್’ ಎಂಬ ಶಬ್ದವು ಹೀಬ್ರೂ ಗ್ರಂಥಗಳ ಹಳೆಯ ಗ್ರೀಕ್ ಅನುವಾದದಲ್ಲಿ ಮನೆಯ ವೈರಿಗೂ ನಾಡಿನ ವೈರಿಗೂ ಬರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬದಿಗಿಡಬೇಕು. ಶತ್ರುವನ್ನು ದ್ವೇಷಿಸು ಎಂಬ ಕಟ್ಟಳೆ ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ಕತ್ತಲೆಯ ಮಕ್ಕಳನ್ನು ದ್ವೇಷಿಸಬೇಕೆಂಬ ನಿಯಮ ಸಿಗುವುದು ಮೃತ ಸಮುದ್ರದ ದಡದ ಕುಮ್ರಾನ್ ಪಂಗಡದವರ ಕಟ್ಟುಪಾಡಿನಲ್ಲಿ. ಮೋಶೆಯ ಶಾಸ್ತ್ರ ಹೇಳುವುದು ಬೇರೆಯೇ: ಹಗೆಯವನ ಎತ್ತು ದಾರಿ ತಪ್ಪಿ ಅಲೆಯುತ್ತಿದ್ದರೆ ಹಿಡಿದು ಅವನ ಮನೆಗೆ ಮುಟ್ಟಿಸಬೇಕು, ಅವನ ಕತ್ತೆ ಹೊರೆಯ ಕೆಳಗೆ ಕುಸಿದಿದ್ದರೆ ಕೈಹಚ್ಚಿ ಎಬ್ಬಿಸಬೇಕು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಜಗಳವಾಡಿದವನ ದನ ನಮ್ಮ ರಾಗಿ ಹೊಲಕ್ಕೆ ನುಗ್ಗಿದರೆ ದೊಡ್ಡಿಗೆ ಅಟ್ಟುವುದು ಸುಲಭ, ಅಟ್ಟಿದವನನ್ನು ಊರು ತಪ್ಪೆನ್ನುವುದಿಲ್ಲ. ಹಗ್ಗ ಹಿಡಿದು ಅವನ ಕೊಟ್ಟಿಗೆಯವರೆಗೆ ನಡೆಯಬೇಕಾದರೆ ಅವನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ, ಅವನನ್ನು ಹೆಸರು ಹಿಡಿದು ಕೂಗಬೇಕಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪಕ್ಕೆ ಉತ್ತರವೂ ಇದೆ. ಪ್ರೀತಿಯನ್ನು ಅಪ್ಪಣೆ ಕೊಟ್ಟು ಹುಟ್ಟಿಸಲಾಗದು. ಮನಸ್ಸಿನಲ್ಲಿ ಇಲ್ಲದ್ದನ್ನು ತೋರಿಸು ಎಂದರೆ ನಟಿಸು ಎಂದಂತೆ ಎಂದು ಹೇಳುವವರಿದ್ದಾರೆ. ಭಾವನೆಯ ಮಟ್ಟಿಗೆ ಆ ಮಾತು ನಿಜ. ಎತ್ತಿನ ಹಗ್ಗ ಹಿಡಿದು ನಡೆಯಲು ಭಾವನೆ ಬೇಕಿಲ್ಲ. ಸುವಾರ್ತೆಯಲ್ಲಿಯೂ ಆ ಅಪ್ಪಣೆಯ ಜೊತೆ ಬರುವುದು ಕ್ರಿಯಾಪದಗಳೇ: ಒಳಿತು ಮಾಡು, ಆಶೀರ್ವದಿಸು, ಪ್ರಾರ್ಥಿಸು. ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಅದನ್ನು ಇನ್ನೂ ಕೆಳಗಿಳಿಸಿ ಅನ್ನ ನೀರಿನ ಮಟ್ಟಕ್ಕೆ ತರುತ್ತಾನೆ. ವೈರಿಗೆ ಹಸಿವಾಗಿದ್ದರೆ ಊಟ, ಬಾಯಾರಿದ್ದರೆ ನೀರು. ಮನಸ್ಸು ಕೈಯ ಹಿಂದೆ ನಿಧಾನವಾಗಿ ಬಂದರೆ ಬರಲಿ, ಬಾರದಿದ್ದರೂ ಊಟ ಊಟವೇ. ಹಳೆ ಮೈಸೂರಿನ ಕಡೆ ರಾಗಿಯನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಹಗೆ, ಹಗೇವು ಎರಡೂ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ, ಕಿವಿಗೆ ಹತ್ತಿರ ಎಂದಷ್ಟೇ ಹೇಳುತ್ತೇನೆ. ವರ್ಷಗಟ್ಟಲೆ ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂಬುದು ರೈತರಿಗೆ ಗೊತ್ತು. ಬಾಯಿ ತೆಗೆದು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಾರೆ. ಮನಸ್ಸಿನೊಳಗೆ ಕೂಡಿಟ್ಟ ಹಗೆಗೂ ಇಷ್ಟೇ ಎಚ್ಚರ ಬೇಕು. ಕ್ಷಮಿಸಿಬಿಡು ಎಂದು ನೊಂದವನನ್ನು ಹಿಂದಿನಿಂದ ತಳ್ಳುವವರು ಅವನನ್ನು ಗಾಳಿಯಾಡದ ಹಗೇವಿಗೆ ನೂಕುತ್ತಿದ್ದಾರೆ. ಹಾಗೆಂದು ಬಾಯಿಯನ್ನೇ ತೆರೆಯದೆ ಬಿಟ್ಟರೆ ಒಳಗಿನ ಕಾಳು ಯಾರ ಹೊಟ್ಟೆಗೂ ಸೇರುವುದಿಲ್ಲ.

ಎರಡನೆಯ ಆಕ್ಷೇಪ ಹಳೆಯದು, ಗಟ್ಟಿಯಾದದ್ದು. ಶತ್ರುವನ್ನು ಪ್ರೀತಿಸು ಎಂಬುದು ಕೈಲಾಗದವರ ಸಮಾಧಾನ, ಇನ್ನೊಂದು ಕೆನ್ನೆ ತೋರಿಸುವುದೆಂದರೆ ಅನ್ಯಾಯಕ್ಕೆ ತಲೆಬಾಗುವುದು ಎಂಬ ಆಕ್ಷೇಪ. ಕ್ರಿಸ್ತನ ನಡೆಯನ್ನೇ ನೋಡಿ. ಮಾಜಿ ಮಹಾಯಾಜಕ ಅನ್ನನ ಮುಂದೆ ವಿಚಾರಣೆ ನಡೆಯುತ್ತಿದ್ದಾಗ ಕಾವಲುಗಾರನೊಬ್ಬ ಅವನ ಕೆನ್ನೆಗೆ ಹೊಡೆದ ಎಂದು ಯೋವಾನ್ನನ ಸುವಾರ್ತೆ ಹೇಳುತ್ತದೆ. ಆಗ ಯೇಸು ಸುಮ್ಮನಿರಲಿಲ್ಲ. ತಾನು ತಪ್ಪು ಆಡಿದ್ದರೆ ತಪ್ಪೇನೆಂದು ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ಕಾರಣ ಕೇಳಿದ. ಫಿಲಿಪ್ಪಿಯಲ್ಲಿ ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಕೋಲುಗಳಿಂದ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಕಳಿಸಿಬಿಡಲು ನೋಡಿದರು. ಪೌಲ ಒಪ್ಪಲಿಲ್ಲ. ಎಲ್ಲರೆದುರು ಹೊಡೆಸಿದವರು ತಾವೇ ಬಂದು ಹೊರಗೆ ಕರೆದೊಯ್ಯಬೇಕು ಎಂದು ಪಟ್ಟು ಹಿಡಿದ, ಅವರು ಬಂದು ವಿನಂತಿಸಿಕೊಳ್ಳಬೇಕಾಯಿತು. ಅದೇ ಸೆರೆಮನೆಯ ಕಾವಲುಗಾರ ಹಿಂದಿನ ರಾತ್ರಿ ಪ್ರಾಣ ಕಳೆದುಕೊಳ್ಳಲು ಕತ್ತಿ ಹಿರಿದಾಗ ತಡೆದವನೂ ಪೌಲನೇ. ವ್ಯಕ್ತಿಯ ಮೇಲಿನ ದಯೆ, ಅನ್ಯಾಯದ ಮುಂದೆ ಪಟ್ಟು, ಎರಡೂ ಒಂದೇ ಅಧ್ಯಾಯದಲ್ಲಿ, ಒಬ್ಬನೇ ಮನುಷ್ಯನಲ್ಲಿ ಇವೆ. ಮತ್ತಾಯನ ಹದಿನೆಂಟನೆಯ ಅಧ್ಯಾಯ ಇನ್ನೂ ಸ್ಪಷ್ಟ. ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಗೆ ಲೆಕ್ಕವಿಡಬೇಡ ಎಂಬ ಉತ್ತರ ಬರುವುದು ಅಲ್ಲಿಯೇ. ಅದಕ್ಕೆ ಸ್ವಲ್ಪ ಮುಂಚೆ ದೂರು ಹೇಳುವ ಕ್ರಮ ಬರುತ್ತದೆ. ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗು, ಆಗಲೂ ಕೇಳದಿದ್ದರೆ ಸಭೆಯ ಮುಂದಿಡು. ನಮ್ಮ ಪ್ರಸಂಗಗಳಲ್ಲಿ ಪೇತ್ರನ ಪ್ರಶ್ನೆ ಸಾವಿರ ಸಲ ಕೇಳಿಬರುತ್ತದೆ, ಈ ದೂರಿನ ಕ್ರಮ ಅಷ್ಟಾಗಿ ಕೇಳಿಬರುವುದಿಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ ಸಾಲಗಾರ ಸೇವಕನ ಸಾಮತಿ ಇದೆ. ಅವನಿಗೆ ಮನ್ನಾ ಆದದ್ದು ಹತ್ತು ಸಾವಿರ ತಲಾಂತು, ಎಂದರೆ ಸುಮಾರು ಆರು ಕೋಟಿ ದಿನದ ಕೂಲಿ. ಅವನು ಕುತ್ತಿಗೆ ಹಿಡಿದು ವಸೂಲಿಗೆ ನಿಂತದ್ದು ನೂರು ದಿನದ ಕೂಲಿಗೆ. ನೂರು ದಿನದ ಕೂಲಿ ಸಣ್ಣದಲ್ಲ ಎಂಬುದನ್ನೂ ಗಮನಿಸಿ. ನಮಗಾದ ನೋವು ಸಣ್ಣದು, ಮರೆತುಬಿಡು ಎಂದು ಸಾಮತಿ ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ಹೇಳುತ್ತದೆ.

ಈ ಮಾತುಗಳು ನಮ್ಮ ಭಾಗಕ್ಕೆ ಪರೀಕ್ಷೆಯಾಗಿ ಬಂದದ್ದು 2008ರಲ್ಲಿ. ಆ ವರ್ಷ ಸೆಪ್ಟೆಂಬರ್ 14ರ ಭಾನುವಾರ ದಾಳಿಕೋರರು ಮಂಗಳೂರಿನ ಮಿಲಾಗ್ರಿಸ್ ಬಳಿಯ ಕನ್ಯಾಸ್ತ್ರೀಯರ ಆರಾಧನಾ ಮಠಕ್ಕೆ ನುಗ್ಗಿ ಪರಮಪ್ರಸಾದದ ಸಂಪುಟವನ್ನು ಒಡೆದರು. ದಾಳಿ ಕರಾವಳಿಯ ಬೇರೆ ಕಡೆಗಳಿಗೂ ಹಬ್ಬಿತು. ಒಂದು ವಾರದ ಮೇಲೆ, ಸೆಪ್ಟೆಂಬರ್ 21ರಂದು, ಹೆಬ್ಬಾಳದ ಬಳಿಯ ಮರಿಯಣ್ಣಪಾಳ್ಯದ ಸಂತ ಜೇಮ್ಸ್ ದೇವಾಲಯವೂ ಹಾನಿಗೊಳಗಾಯಿತು. ಪರಮಪ್ರಸಾದವೆಂದರೆ ಕಥೋಲಿಕರಿಗೆ ಗುರುತಲ್ಲ, ಪ್ರಭುವಿನ ಶರೀರವೇ. ಒಡೆದ ಗಾಜಿನ ಬೆಲೆಯನ್ನು ಕಟ್ಟಿಕೊಡಬಹುದು, ಇದನ್ನು ಕಟ್ಟಿಕೊಡಲಾಗದು. ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಬರ್ನಾರ್ಡ್ ಮೊರಾಸ್ ಅವರು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಎದುರು ತಮ್ಮ ನೋವನ್ನು ಮುಚ್ಚಿಡದೆ ಹೇಳಿದರು. ಧರ್ಮಗುರುವಾದವರು ಅಷ್ಟು ಖಾರವಾಗಿ ಮಾತಾಡಬಹುದೇ, ಕ್ಷಮೆಯ ಧರ್ಮ ಎಲ್ಲಿ ಹೋಯಿತು ಎಂದು ಕೇಳುವವರಿದ್ದರೆ, ಅನ್ನನ ಮುಂದೆ ಕಾರಣ ಕೇಳಿದ ಬಂದಿಯನ್ನು ಅವರು ನೆನೆಯಬೇಕು. ನೋವನ್ನು ಹೇಳಿದ್ದು ದಯೆಗೆ ವಿರುದ್ಧವಾಗಿರಲಿಲ್ಲ. ಈ ದಾಳಿಗಳ ವಿಚಾರಣೆಗೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ವರದಿ ಕೊಟ್ಟಿತು, ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಒಪ್ಪದಿರುವ ಹಕ್ಕು ಅವರಿಗಿತ್ತು. ಶತ್ರುಪ್ರೇಮದ ಹೆಸರಿನಲ್ಲಿ ಅರೆಸತ್ಯಕ್ಕೆ ಸಹಿ ಹಾಕಬೇಕಿಲ್ಲ. ಆ ದಿನಗಳಲ್ಲಿ ಮಾಡಬಾರದಿದ್ದದ್ದು ಒಂದೇ: ಕಲ್ಲು ಎಸೆದವರ ಲೆಕ್ಕವನ್ನು ಕಲ್ಲು ಎಸೆಯದ ಹಿಂದೂ ನೆರೆಯವನ ಮೇಲೆ ಬರೆಯುವುದು. ಎಸೆದವರಿಗೆ ಒಬ್ಬೊಬ್ಬರಿಗೂ ಒಂದೊಂದು ಹೆಸರಿತ್ತು.

ಮೂರನೆಯ ಆಕ್ಷೇಪದ ಮುಂದೆ ನಾವು ನಿಜಕ್ಕೂ ತಲೆತಗ್ಗಿಸಬೇಕು. ಕ್ಷಮಿಸು ಎಂಬ ಉಪದೇಶ ಯಾವಾಗಲೂ ಕೆಳಗಿರುವವರಿಗೇ ಹೋಗುತ್ತದೆ ಎಂಬುದು ಆ ಆಕ್ಷೇಪ. ಗಂಡನ ಏಟು ತಿಂದು ಬಂದ ಹೆಂಗಸಿಗೆ ಸಹಿಸಿಕೋ ತಾಯಿ, ಯೇಸುವೂ ಸಹಿಸಿದ ಎಂದು ಹೇಳಿ ಅದೇ ಮನೆಗೆ ಕಳಿಸಿದ ಹಿರಿಯರು ನಮ್ಮ ಸಭೆಗಳಲ್ಲಿ ಇಲ್ಲವೆನ್ನಲಾಗದು. ಜಾತಿಯ ಗೋಡೆ ಸ್ಮಶಾನದ ಒಳಗೂ ಎದ್ದ ಚರ್ಚುಗಳು ದಕ್ಷಿಣ ಭಾರತದಲ್ಲಿವೆ. ಅಲ್ಲಿ ದಲಿತ ಕ್ರೈಸ್ತರಿಗೆ ತಾಳ್ಮೆಯ ಪಾಠ ಹೇಳಿದಷ್ಟು ಸಲ ಗೋಡೆ ಕಟ್ಟಿದವರಿಗೆ ಪಶ್ಚಾತ್ತಾಪದ ಪಾಠ ಹೇಳಲಿಲ್ಲ. ಇದಕ್ಕೆ ನನ್ನ ಉತ್ತರ ನೇರವಾದದ್ದು. ದಯೆ ತೋರಿಸುವ ಅಧಿಕಾರ ಇರುವುದು ನೊಂದವರಿಗೆ ಮಾತ್ರ. ಅದನ್ನು ಅವರ ಪರವಾಗಿ ಬೇರೆಯವರು ಹಂಚಲಾಗದು, ಅವರಿಂದ ಕಿತ್ತುಕೊಳ್ಳಲೂ ಆಗದು. ಕ್ಷಮಿಸುವುದು ಬೇರೆ, ಮರಳಿ ಅದೇ ಸೂರಿನ ಕೆಳಗೆ ಹೋಗುವುದು ಬೇರೆ. ಮತ್ತಾಯನ ದೂರಿನ ಕ್ರಮದಲ್ಲಿ ಕೊನೆಗೂ ಕೇಳದವನನ್ನು ಹೊರಗಿನವನೆಂದು ಎಣಿಸಲು ಅನುಮತಿಯಿದೆ. ಏಟು ತಿಂದವಳು ಬಾಗಿಲಿಗೆ ಚಿಲಕ ಹಾಕಿಕೊಂಡು, ಪೊಲೀಸ್ ಠಾಣೆಗೆ ದೂರು ಕೊಟ್ಟು, ರಾತ್ರಿ ಮಲಗುವಾಗ ಅವನ ಬುದ್ಧಿ ತಿರುಗಲಿ ಎಂದು ಪ್ರಾರ್ಥಿಸಿದರೆ ಆಕೆ ಕ್ರಿಸ್ತನ ಆಜ್ಞೆಯನ್ನು ಪೂರ್ತಿ ಪಾಲಿಸಿದ್ದಾಳೆ. ಆ ಪ್ರಾರ್ಥನೆಯೂ ಸದ್ಯಕ್ಕೆ ಆಗದಿದ್ದರೆ ಸಭೆ ಆಕೆಯ ಪರವಾಗಿ ಪ್ರಾರ್ಥಿಸಿ ಕಾಯಲಿ. ದೀಪ ಉರಿಯುವವರೆಗೆ ಹಗೇವಿಗೆ ಇಳಿಯಬಾರದು ಎಂದೆನಲ್ಲ, ಅದು ಇಲ್ಲಿಗೇ ಹೇಳಿದ ಮಾತು.

ಕ್ಷಮೆಯೂ ಕಾನೂನೂ ಹೇಗೆ ಜೊತೆಯಾಗಿ ನಡೆಯುತ್ತವೆ ಎಂಬುದನ್ನು ನಮ್ಮ ಕಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊಥಿಯನ್ನು, ಮಲಗಿದ್ದ ವಾಹನದಲ್ಲೇ ಸುಟ್ಟರು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದಾಗಿ ಹೇಳಿದರು. ಅವರಿಗೆ ಶಿಕ್ಷೆ ಕೊಡುವುದು ಬಿಡುವುದು ಕಾನೂನಿನ ಕೆಲಸ ಎಂಬುದನ್ನೂ ಸ್ಪಷ್ಟಪಡಿಸಿದರು. ಮೊಕದ್ದಮೆ ನಡೆಯಿತು, ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ ಅಷ್ಟು ಹೊತ್ತಿಗೆ ಬಾರಿಪದದಲ್ಲೇ ಉಳಿದು ವರ್ಷಗಳ ಕಾಲ ಕುಷ್ಠರೋಗಿಗಳ ಸೇವೆ ನಡೆಸಿದ್ದರು. ನಮ್ಮ ಕಾನೂನಿನಲ್ಲಿಯೂ ಈ ವಿವೇಚನೆ ಇದೆ: ಕೆಲವು ಅಪರಾಧಗಳನ್ನು ನೊಂದವರೇ ರಾಜಿ ಮಾಡಿಕೊಳ್ಳಬಹುದು, ಕೊಲೆಯಂಥವನ್ನು ಮಾಡಿಕೊಳ್ಳಲಾಗದು, ಏಕೆಂದರೆ ಅಲ್ಲಿ ಗಾಯವಾದದ್ದು ಒಬ್ಬರಿಗೆ ಮಾತ್ರವಲ್ಲ. ಮಧ್ಯಪ್ರದೇಶದಲ್ಲಿ ಸಿಸ್ಟರ್ ರಾಣಿ ಮರಿಯಾ 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿತಕ್ಕೆ ಬಲಿಯಾದರು. ಅವರ ತಂಗಿ, ಅವರೂ ಕನ್ಯಾಸ್ತ್ರೀ, ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಅವನು 2006ರಲ್ಲಿ ಬಿಡುಗಡೆಯಾದ, 2017ರಲ್ಲಿ ರಾಣಿ ಮರಿಯಾರನ್ನು ಪುನೀತೆ ಎಂದು ಸಾರುವಾಗ ಆ ಸಮಾರಂಭದಲ್ಲಿ ಇದ್ದ. ಅಲ್ಲಿ ನಡೆದದ್ದನ್ನು ಗಮನವಿಟ್ಟು ನೋಡಿ. ಅಪರಾಧಿ ಎಂಬ ಒಂದೇ ಶಬ್ದದೊಳಗೆ ಮುಚ್ಚಿಹೋಗಿದ್ದ ಮನುಷ್ಯನನ್ನು ಆ ತಂಗಿ ತಮ್ಮನೆಂದು ಕರೆದು ಹೊರಗೆ ತಂದರು. ಅವನ ಅಪರಾಧ ಅಪರಾಧವಾಗಿಯೇ ಉಳಿಯಿತು.

ಸತ್ತ ಶತ್ರುವಿನ ವಿಚಾರ ಇನ್ನೂ ಸೂಕ್ಷ್ಮ. ಯಲಹಂಕದ ಆಚೆ ದೇವನಹಳ್ಳಿ ಟಿಪ್ಪು ಸುಲ್ತಾನ್ ಹುಟ್ಟಿದ ಊರು. 1784ರಲ್ಲಿ ಅವನು ಕೆನರಾದ ಕಥೋಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ವರ್ಷವೇ ಮಂಗಳೂರಿನ ಮಿಲಾಗ್ರಿಸ್ ಚರ್ಚೂ ನೆಲಸಮವಾಯಿತು. ಸೆರೆಹೋದವರ ಸಂಖ್ಯೆಯನ್ನು ಇತಿಹಾಸಕಾರರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು, ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿದರು. ಇದನ್ನು ಮರೆಯಬೇಕೆಂದು ಹೇಳುವುದು ಶತ್ರುಪ್ರೇಮವಲ್ಲ. ಪಾಠಪುಸ್ತಕದಿಂದ ತೆಗೆಯಬೇಕೆನ್ನುವುದೂ ಅಲ್ಲ. ಅದೇ ಟಿಪ್ಪು 1791ರಲ್ಲಿ ಮರಾಠರ ಪಡೆ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ ಎಂಬುದೂ ಇತಿಹಾಸವೇ. ಎರಡನ್ನೂ ಒಟ್ಟಿಗೆ ಹೇಳಲು ನಾಲಗೆ ತೊಡರಿದರೆ ಅಲ್ಲಿ ಹಗೆ ಇನ್ನೂ ಉಳಿದಿದೆ ಎಂದರ್ಥ. ಈಚಿನ ವರ್ಷಗಳ ರಾಜಕೀಯದಲ್ಲಿ ಈ ಸೆರೆಯ ಕಥೆಯನ್ನು ಎತ್ತಿಕೊಂಡು ನಮ್ಮೊಡನೆ ಹಂಚಿಕೊಳ್ಳಲು ಬರುವವರು ಬಹಳ. ಅವರ ಅನುಕಂಪವನ್ನು ಸ್ವೀಕರಿಸುವ ಮೊದಲು ಅದರ ಬೆಲೆ ಏನೆಂದು ಕೇಳಬೇಕು. 1784ರ ಲೆಕ್ಕವನ್ನು ಇಂದು ಆರ್.ಟಿ. ನಗರದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡ ಮುಸಲ್ಮಾನನ ಹೆಸರಿಗೆ ಬರೆಯಿರಿ ಎಂಬುದು ಅದರ ಬೆಲೆಯಾದರೆ, ಕ್ರೈಸ್ತನು ಆ ಲೇಖನಿಯನ್ನು ಕೈಗೆತ್ತಿಕೊಳ್ಳಬಾರದು. ಸಾಲಗಾರ ಬೇರೆ, ಅವನ ಹೆಸರಿನ ಉಚ್ಚಾರಕ್ಕೆ ಹತ್ತಿರದ ಹೆಸರಿನವನು ಬೇರೆ.

ಹಾಗೆಯೇ ನಾವೂ ಯಾರದೋ ಕಥೆಯಲ್ಲಿ ಹಗೆಯವರೇ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಕಿರುಕುಳ ತಾಳಲಾರದೆ ಕೆನರಾಕ್ಕೆ ಓಡಿಬಂದ ಕೊಂಕಣಿ ಮನೆತನಗಳು ಅದನ್ನು ಇನ್ನೂ ಮರೆತಿಲ್ಲ. ವೈರಿಗೆ ದಯೆ ತೋರು ಎಂದು ಹೇಳುವ ಸಭೆ ತಾನು ವೈರಿಯಾಗಿದ್ದಾಗ ಕ್ಷಮೆ ಕೇಳಲು ಕಲಿಯದಿದ್ದರೆ ಅದರ ಬೋಧನೆಗೆ ಅರ್ಧ ಬೆಲೆಯೂ ಇಲ್ಲ. ಇನ್ನೂ ಹತ್ತಿರಕ್ಕೆ ಬರೋಣ. ಲತೀನ್ ಬಿಟ್ಟು ಜನರ ಮಾತಿನಲ್ಲಿ ಬಲಿಪೂಜೆ ನಡೆಯತೊಡಗಿದ ಮೇಲೆ, ಯಾವ ಮಾತಿನಲ್ಲಿ ಎಂಬುದರ ಮೇಲೆ ಬೆಂಗಳೂರಿನ ಕಥೋಲಿಕರಲ್ಲಿ ಎದ್ದ ಜಗಳ ಒಂದು ತಲೆಮಾರು ದಾಟಿದೆ. ಕನ್ನಡಕ್ಕೆ ನ್ಯಾಯ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಅದರ ಪರವಾಗಿ ದುಡಿದವರ ಋಣ ಈ ನೆಲದ ಕ್ರೈಸ್ತರ ಮೇಲಿದೆ. ಆದರೆ ಒಂದೇ ಪರಮಪ್ರಸಾದ ಸ್ವೀಕರಿಸುವವರು ತಮಿಳಿನವ, ಕೊಂಕಣಿಯವ, ಕನ್ನಡದವ ಎಂಬ ಗುಂಪಿನ ಹೆಸರನ್ನೇ ಒಬ್ಬರಿಗೊಬ್ಬರು ಇಟ್ಟುಕೊಂಡು ಮುಖ ತಿರುಗಿಸಿದ ದಿನಗಳೂ ಇದ್ದವು. ನಮ್ಮ ಮನೆಯೊಳಗೆ ಇದಕ್ಕಿಂತ ಆಳವಾದ ಗಾಯವೂ ಇದೆ. ಯಶವಂತಪುರದ ಮಗ್ಗುಲಿನ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಸೆಮಿನರಿಯ ರೆಕ್ಟರ್ ಕೆ.ಜೆ. ಥಾಮಸ್ ಅವರು 2013ರ ಈಸ್ಟರ್ ಹಬ್ಬದ ರಾತ್ರಿ ಸೆಮಿನರಿಯಲ್ಲೇ ಕೊಲೆಯಾದರು. ಮುಂದಿನ ವರ್ಷ ಬಂಧಿತರಾದವರಲ್ಲಿ ಪಾದ್ರಿಗಳೂ ಇದ್ದರು. ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯಕ್ಕೆ ಸೇರಿದ್ದು, ಅದನ್ನು ನಾನು ಇಲ್ಲಿ ಮುಟ್ಟುವುದಿಲ್ಲ. ಪುನರುತ್ಥಾನದ ಹಬ್ಬದ ರಾತ್ರಿ ಗುರುಗಳನ್ನು ತಯಾರು ಮಾಡುವ ಮನೆಯೊಳಗೇ ರಕ್ತ ಬಿದ್ದಿತು ಎಂಬುದು ನಮ್ಮೆಲ್ಲರ ತಲೆಯ ಮೇಲಿರುವ ಭಾರ. ಹೊರಗಿನ ವೈರಿಯ ಬಗ್ಗೆ ಪ್ರಸಂಗ ಮಾಡುವುದು ಸುಲಭ. ಪಕ್ಕದ ಬೆಂಚಿನವನ ವಿಷಯ ಬಂದಾಗ ಮಾತು ನಿಲ್ಲುತ್ತದೆ.

ಕೊನೆಯ ಆಕ್ಷೇಪ: ಇದೆಲ್ಲ ಸಂತರಿಗೆ ಸಾಧ್ಯ, ಸಮಾಜ ಇದರ ಮೇಲೆ ನಿಲ್ಲಲಾರದು. ಯುದ್ಧದ ವಿಷಯ ಒಂದನ್ನೇ ತೆಗೆದುಕೊಳ್ಳಿ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಕನ್ನಡ ಕಾವ್ಯದ ಎತ್ತರದ ಗಳಿಗೆಗಳಲ್ಲಿ ಅದೊಂದು. ಆದರೆ ಅಲ್ಲಿ ಗೌರವ ಸಿಕ್ಕಿದ್ದು ವೀರನಿಗೆ. ಹೆದರಿ ಓಡಿದವನಿಗೆ, ಗಾಯಗೊಂಡು ನರಳುವ ಸಾಮಾನ್ಯ ಕಾಲಾಳಿಗೆ ಯಾರು ಕೈಮುಗಿಯುತ್ತಾರೆ? 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ನಡೆದ ಯುದ್ಧದ ಮರುದಿನಗಳಲ್ಲಿ ಹೆನ್ರಿ ಡ್ಯುನಾಂಟ್ ಎಂಬ ಜಿನೀವಾದ ಕ್ರೈಸ್ತ ವ್ಯಾಪಾರಿ ಕಂಡದ್ದು ಅಂಥ ಸಾವಿರಾರು ಕಾಲಾಳುಗಳನ್ನು. ಪಕ್ಕದ ಕಾಸ್ತಿಲ್ಯೋನೆ ಊರಿನ ಹೆಂಗಸರು ಎರಡೂ ಕಡೆಯ ಗಾಯಾಳುಗಳನ್ನು ಭೇದವಿಲ್ಲದೆ ಆರೈಕೆ ಮಾಡಿದ್ದನ್ನು ನೋಡಿ ಅವನು ಪುಸ್ತಕ ಬರೆದ. 1864ರ ಮೊದಲ ಜಿನೀವಾ ಒಪ್ಪಂದ ಅದರಿಂದ ಬಂತು. ಶತ್ರುವಿನ ಗಾಯಕ್ಕೆ ಮದ್ದು ಹಾಕುವುದು ಅಂದಿನಿಂದ ರಾಷ್ಟ್ರಗಳ ಕಾನೂನು. ಯುದ್ಧಕೈದಿಗಳಿಗೂ 1929ರಲ್ಲಿ ಅಂಥ ಒಪ್ಪಂದವಾಯಿತು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಶಿಬಿರಗಳಿಗೆ ತಂದಿಟ್ಟರು, ಜಾಲಹಳ್ಳಿಯಲ್ಲೂ ಇಟ್ಟರು. ಹೆಬ್ಬಾಳದ ಕಲ್ಲಿನಲ್ಲಿ ಹೆಸರಿಲ್ಲದ ರಟ್ಟನಾಗಿದ್ದ ವೈರಿಗೆ ಜಾಲಹಳ್ಳಿಯ ಹೊತ್ತಿಗೆ ಹೆಸರು, ಸಂಖ್ಯೆ, ಮನೆಗೆ ಕಾಗದ ಬರೆಯುವ ಹಕ್ಕು ಇದ್ದವು. ಕಾನೂನು ಪ್ರೀತಿಸಲಾರದು, ನಿಜ. ಪ್ರೀತಿ ಮೊದಲು ಮಾಡಿ ತೋರಿಸಿದ್ದನ್ನು ಅದು ಕಲಿತು ಎಲ್ಲರ ಮೇಲೂ ಹೊರಿಸಬಲ್ಲದು. ಹೆಬ್ಬಾಳದಲ್ಲಿ 1973ರಿಂದ ನಡೆಯುತ್ತಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಅಂಥ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಿಗೆ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಸಂಜೆ ಬಂದರೆ ಮೊದಲು ನೋಡುವುದು ಯಾರ ರಕ್ತ ಹೆಚ್ಚು ಹೋಗುತ್ತಿದೆ ಎಂಬುದನ್ನು. ನಾವು ಇದನ್ನು ಸಹಜವೆಂದು ತಿಳಿದಿದ್ದೇವೆ. ಒಂದು ಕಾಲಕ್ಕೆ ಇದು ಯಾರಿಗೂ ಸಹಜವಾಗಿರಲಿಲ್ಲ.

ಹಾಗಾದರೆ ಎಲ್ಲಿಂದ ತೊಡಗುವುದು? ನನ್ನದು ಒಂದು ಸಣ್ಣ ಬೇಡಿಕೆ. ಕಥೋಲಿಕ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಇದೆ, ಬೇರೆ ಸಭೆಗಳಲ್ಲಿ ವಿಜ್ಞಾಪನೆಯ ಪ್ರಾರ್ಥನೆ ಇದೆ. ಅಲ್ಲಿ ರೋಗಿಗಳಿಗಾಗಿ, ಮಳೆಗಾಗಿ, ಆಳುವವರಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಕೇಳಿಕೊಳ್ಳುತ್ತೇವೆ. ಯಲಹಂಕ, ಹೆಬ್ಬಾಳ, ಮರಿಯಣ್ಣಪಾಳ್ಯ, ಯಶವಂತಪುರ, ಆರ್.ಟಿ. ನಗರದ ಗುರುಗಳೂ ಸಭಾಪಾಲಕರೂ ಆ ಪ್ರಾರ್ಥನೆಗಳ ಕೊನೆಗೆ ಅರ್ಧ ನಿಮಿಷದ ಮೌನ ಸೇರಿಸಲಿ. ಅಷ್ಟು ಹೊತ್ತು ಪ್ರತಿಯೊಬ್ಬರೂ ತಮಗೆ ಕೆಡುಕು ಮಾಡಿದ ಒಬ್ಬರ ಹೆಸರನ್ನು, ಪಂಗಡದ ಹೆಸರನ್ನಲ್ಲ, ತಾಯಿತಂದೆ ಇಟ್ಟ ಹೆಸರನ್ನು, ಮನಸ್ಸಿನಲ್ಲಿ ಹೇಳಿಕೊಂಡು ಅವರಿಗೆ ಒಳ್ಳೆಯದಾಗಲಿ ಎಂದು ಕೇಳಲಿ. ಆಗದವರು ಸುಮ್ಮನೆ ನಿಂತಿರಲಿ, ಅವರನ್ನು ಯಾರೂ ಏನೂ ಕೇಳಬಾರದು. ಮುಂದಿನ ಭಾನುವಾರವೇ ಇದನ್ನು ಮಾಡಿ ನೋಡಿರೆಂದು ನಿಮ್ಮೆಲ್ಲರನ್ನೂ ಬೇಡಿಕೊಳ್ಳುತ್ತೇನೆ.